ನಿಂತು ಗಾಳ ಹಾಕಲು ಎಷ್ಟು ಅಗಲದ ಕಯಾಕ್ ಬೇಕು?

ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ನಾನು ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಪುಟ್ಟ ದೋಣಿ) ಮೇಲೆ ನಿಂತು ಗಾಳ ಹಾಕುತ್ತಿರುವ ಫೋಟೋ ನೋಡಿದವರೆಲ್ಲ ಕೇಳುವುದು ಇದನ್ನೇ. ಹ್ಯೂಸ್ಟನ್‌ನ ಕನ್ನಡ ಗೆಳೆಯರೂ ಕೇಳುತ್ತಾರೆ, ಊರಿನಿಂದ ಭಾವನೂ ಫೋನ್ ಮಾಡಿ ಕೇಳುತ್ತಾರೆ: "ಎಷ್ಟು ಅಗಲದ್ದು ಕೊಂಡರೆ ಬೀಳುವುದಿಲ್ಲ?"

ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು 34ರಿಂದ 36 ಇಂಚು ಅಗಲ, ಸುಮಾರು 12 ಅಡಿ ಉದ್ದ. ಆದರೆ ಆ ಒಂದು ಅಳತೆಯನ್ನು ನಂಬಿ ದುಡ್ಡು ಕೊಡಬೇಡಿ.

ನಿಲ್ಲುವುದೇ ಏಕೆ? ಇಲ್ಲಿನ ನೀರು ಎಷ್ಟೋ ಕಡೆ ಮೊಣಕಾಲುದ್ದ. ರೆಡ್‌ಫಿಶ್ ಎಂಬ ಮೀನು ತಲೆ ತಗ್ಗಿಸಿ ಕೆಸರಿನಲ್ಲಿ ಏಡಿ ಹುಡುಕುವಾಗ ಬಾಲ ನೀರಿನಿಂದ ಮೇಲೇಳುತ್ತದೆ, ಬಾಲದ ಬುಡದಲ್ಲಿ ಕಪ್ಪು ಬೊಟ್ಟು. ಕುಳಿತಿದ್ದರೆ ನೀರಿನ ಮೇಲಿನ ಹೊಳಪಷ್ಟೇ ಕಣ್ಣಿಗೆ ಹೊಡೆಯುತ್ತದೆ. ಆ ಹೊಳಪು ತಡೆಯುವ ಪೋಲರಾಯ್ಡ್ ಕನ್ನಡಕ ಹಾಕಿ ಎದ್ದು ನಿಂತರೆ ಹುಲ್ಲಿನ ನಡುವೆ ಜಾರುವ ತಾಮ್ರದ ಬಣ್ಣದ ಬೆನ್ನು ಕಾಣುತ್ತದೆ. ಅದನ್ನು ಒಮ್ಮೆ ಕಂಡವರು ಮತ್ತೆ ಕುಳಿತು ಗಾಳ ಹಾಕಲು ಒಪ್ಪುವುದಿಲ್ಲ.

ಅಗಲಕ್ಕೆ ಬೆಲೆಯಿಲ್ಲವೆಂದಲ್ಲ. ತಳದ ಆಕಾರದಿಂದ ಬರುವ ಸ್ಥಿರತೆ ಅಗಲದ ಘನಕ್ಕೆ (ಅಗಲ × ಅಗಲ × ಅಗಲ) ಅನುಗುಣವಾಗಿ ಏರುತ್ತದೆ. 30 ಇಂಚನ್ನು 36 ಮಾಡಿದರೆ ಶೇ. 70ರಷ್ಟು ಹೆಚ್ಚುತ್ತದೆ. ಆದರೆ ಎದುರುಗಾಳಿಯಲ್ಲಿ ಆ ಅಗಲವನ್ನು ಹುಟ್ಟು ಹಾಕಿ ತಳ್ಳಬೇಕಾದವರು ನೀವೇ. 38 ಇಂಚಿನ ಹೋಬಿ ಪ್ರೋ ಆಂಗ್ಲರ್ 14 ಎಂಬ ಮಾದರಿ ನಿಲ್ಲಲು ನೆಲದಂತಿದೆ, ತೂಕ ಮಾತ್ರ 50 ಕಿಲೋ ದಾಟುತ್ತದೆ. ಒಬ್ಬರೇ ಕಾರಿನ ಮೇಲೆ ಎತ್ತಿಡಬೇಕಾದವರು ಯೋಚಿಸಿ.

ನಾನು ಮೊದಲು ನೋಡುವುದು ತಳವನ್ನು. ನಮ್ಮ ಹರಿಗೋಲಿನಂತೆ ಚಪ್ಪಟೆ ತಳ ನಿಂತ ನೀರಿನಲ್ಲಿ ಗಟ್ಟಿಯೆನಿಸುತ್ತದೆ, ಅಲೆ ಬಂದಾಗ ಅಲೆಯ ಜೊತೆಗೇ ಓರೆಯಾಗುತ್ತದೆ. ಮಧ್ಯದಲ್ಲಿ ಕಾಲುವೆಯಂತೆ ತಗ್ಗು, ಎರಡೂ ಬದಿಯಲ್ಲಿ ಉಬ್ಬು ಇರುವ ತಳ ಸ್ವಲ್ಪ ವಾಲಿ, ಅಲ್ಲಿಂದಾಚೆ ತಡೆದು ನಿಲ್ಲುತ್ತದೆ. ಕಾಪಾಡುವುದು ಆ ತಡೆಯೇ. ನಾನು ಮೊದಲ ಬಾರಿ ಬಿದ್ದದ್ದು ಗಾಳಿಗೂ ಅಲ್ಲ, ಅಲೆಗೂ ಅಲ್ಲ. ಬೆನ್ನ ಹಿಂದೆ ಮೀನೊಂದು ಚಿಮ್ಮಿತು, ಸರಕ್ಕನೆ ತಿರುಗಿದೆ. ತಲೆಯ ಹಿಂದೆ ಭುಜ ತಿರುಗಿತು, ಭುಜದ ಹಿಂದೆ ಸೊಂಟ; ಪಾದ ಇದ್ದಲ್ಲೇ ಇತ್ತು. ಚಪ್ಪಟೆ ತಳ ನನ್ನ ಜೊತೆಯೇ ಮಗುಚಿತು.

ಇನ್ನು ಆಸನ. ಏಳುವ, ಕೂರುವ ಗಳಿಗೆಯಲ್ಲೇ ದೋಣಿ ಹೆಚ್ಚು ಅಲುಗುವುದು. ಎತ್ತರದ ಆಸನದಿಂದ ಏಳುವುದು ಸುಲಭ, ಅಲೆಯೆದ್ದಾಗ ತಗ್ಗಿನ ಆಸನ ಕ್ಷೇಮ. ಎರಡೂ ಎತ್ತರಕ್ಕೆ ಹೊಂದಿಸಬಲ್ಲದ್ದನ್ನೇ ಕೊಳ್ಳಿ. ಭುಜದಗಲ ಕಾಲೂರಲು ಸಮತಟ್ಟಾದ, ಜಾರದ ಜಾಗ ಬೇಕು. ತಯಾರಕರು ಬರೆದ ಭಾರದ ಮಿತಿಯಲ್ಲಿ ಶೇ. 70 ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ನನ್ನ ತೂಕ 80 ಕಿಲೋ, ಸಾಮಾನು 20. ಹಾಗಾಗಿ 150 ಕಿಲೋಗಿಂತ ಕಡಿಮೆ ಹೊರುವುದನ್ನು ನಾನು ನೋಡುವುದೇ ಇಲ್ಲ.

ಅಂಗಡಿಯವರು ನೀರಿಗಿಳಿಸಿ ನೋಡಲು ಬಿಡುತ್ತಾರೆಯೇ ಎಂದು ಕೇಳಿ. ಬಿಡದಿದ್ದರೆ ಅದೇ ಮಾದರಿಯನ್ನು ಬಾಡಿಗೆಗೆ ಹಿಡಿಯಿರಿ. ಲೈಫ್ ಜಾಕೆಟ್ ಹಾಕಿಕೊಂಡು, ಎದೆಮಟ್ಟದ ನೀರಿನಲ್ಲಿ ಹತ್ತು ಸಲ ಎದ್ದು ಕೂರಿ, ನಿಂತು ಹಿಂದಿರುಗಿ ನೋಡಿ. ಕೊನೆಗೆ ಬೇಕೆಂದೇ ಬಿದ್ದು, ಯಾರ ನೆರವೂ ಇಲ್ಲದೆ ಬದಿಯಿಂದ ಮೇಲೆ ಹತ್ತಿ. ಹತ್ತಲಾಗದ ಕಯಾಕ್ ಎಷ್ಟೇ ಅಗಲವಿದ್ದರೂ ಕೊಳ್ಳಬೇಡಿ.