ಸದನದ ಪ್ರಶ್ನೆ ನಮ್ಮ ಟೇಬಲ್ಲಿಗೆ ಬಂದಾಗ

ವಿಧಾನಮಂಡಲದ ಅಧಿವೇಶನ ಹತ್ತಿರ ಬಂತು ಅನ್ನುವುದು ಟಿವಿಯವರಿಗಿಂತ ಮೊದಲು ನಮ್ಮಂಥ ಕೇಸ್ ವರ್ಕರ್‌ಗಳಿಗೆ ಗೊತ್ತಾಗುತ್ತದೆ. ಕಚೇರಿಯ ವಾಟ್ಸಾಪ್ ಗ್ರೂಪಿಗೆ ಒಂದು ಪಿಡಿಎಫ್ ಬಂದು ಬೀಳುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ "ಎಲ್‌ಎಕ್ಯೂ, ಅತಿ ತುರ್ತು, ಈ ದಿನವೇ". ಎಲ್‌ಎಕ್ಯೂ ಅಂದರೆ ಶಾಸಕರು ವಿಧಾನಸಭೆಯಲ್ಲಿ ಕೇಳಿದ ಪ್ರಶ್ನೆ. ರಜೆ ಚೀಟಿ ಕೊಟ್ಟವರು ಸುಮ್ನೆ ವಾಪಸ್ ತಗೊಳ್ಳುತ್ತಾರೆ.

ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಜಮೀನು ಮಂಜೂರಾತಿ ವಿಷಯ ನೋಡಿಕೊಳ್ಳುವವನು. ಬಗರ್ ಹುಕುಂ ಅರ್ಜಿ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿ ಅಂತ ಕೇಳುವುದು), 94ಸಿ (ಹಳ್ಳಿಯಲ್ಲಿ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯ ಸಕ್ರಮ), ಇಂಥವು. ಮಲೆನಾಡಿನಲ್ಲಿ ಈ ಶಾಖೆಗೆ ಕೆಲಸ ಕಡಿಮೆ ಅನ್ನುವ ದಿನ ಬರುವುದಿಲ್ಲ. ಅರ್ಧ ಜಾಗಕ್ಕೆ ಅರಣ್ಯ ಇಲಾಖೆಯ ತಕರಾರು, ಇನ್ನರ್ಧಕ್ಕೆ ಸರ್ವೆ ಆಗಿರುವುದಿಲ್ಲ. ಹಾಗಾಗಿ ಶಾಸಕರ ಪ್ರಶ್ನೆಗಳೂ ಜಾಸ್ತಿ.

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಮೂರು ಪೆಟ್ಟಿಗೆ ಬರೆದು ಬಾಣದ ಗುರುತು ಹಾಕಿ ಪರೀಕ್ಷೆ ಪಾಸಾದವರೇ ನಾವೆಲ್ಲ. ಆ ಬಾಣಗಳು ನಿಜಕ್ಕೂ ಯಾವ ದಾರಿಯಲ್ಲಿ ಓಡಾಡುತ್ತವೆ ಅಂತ ನನಗೆ ತಿಳಿದದ್ದು ಈ ಕುರ್ಚಿಗೆ ಬಂದ ಮೇಲೆ. ಸಂವಿಧಾನದ 164ನೇ ವಿಧಿ ಹೇಳುವುದು ಇಷ್ಟೇ: ಮಂತ್ರಿಮಂಡಲ ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆ. ನಮ್ಮ ವಿಧಾನಸಭೆಯಲ್ಲಿ 224 ಜನ. 2003ರ ತಿದ್ದುಪಡಿಯ ಪ್ರಕಾರ ಮಂತ್ರಿಗಳು ಶೇ 15 ದಾಟುವಂತಿಲ್ಲ. ಅಂದರೆ ಮುಖ್ಯಮಂತ್ರಿ ಸೇರಿ ಹೆಚ್ಚೆಂದರೆ 34. ಉಳಿದವರು ಕೇಳುವವರು. ವಿರೋಧ ಪಕ್ಷದವರು ಮಾತ್ರ ಪ್ರಶ್ನೆ ಹಾಕುತ್ತಾರೆ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಆಡಳಿತ ಪಕ್ಷದ ಶಾಸಕರ ಹೆಸರಿನ ಪ್ರಶ್ನೆಗಳೂ ನಮಗೆ ಅಷ್ಟೇ ಬರುತ್ತವೆ. ಅವರಿಗೂ ಕ್ಷೇತ್ರದಲ್ಲಿ ಮುಖ ತೋರಿಸಬೇಕಲ್ವಾ.

ಪ್ರಶ್ನೆ ಬರುವ ದಾರಿ ಉದ್ದ. ಸದಸ್ಯರು ವಿಧಾನಸಭೆ ಸಚಿವಾಲಯಕ್ಕೆ ಕೊಡುತ್ತಾರೆ, ಸಭಾಧ್ಯಕ್ಷರು ಅಂಗೀಕರಿಸಬೇಕು, ಅಲ್ಲಿಂದ ಇಲಾಖೆ, ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಸೀಲ್ದಾರ್, ಕೊನೆಗೆ ನನ್ನ ಟೇಬಲ್. ನಾನು ಅದನ್ನು ಕಂದಾಯ ನಿರೀಕ್ಷಕರಿಗೂ ಗ್ರಾಮ ಆಡಳಿತಾಧಿಕಾರಿಗಳಿಗೂ ದಾಟಿಸುತ್ತೇನೆ. ಮೇಲಿನವರೆಲ್ಲ ತಮ್ಮ ತಮ್ಮ ಕವರಿಂಗ್ ಪತ್ರ ಹಾಕಿ ಸಮಯ ತಿಂದಿರುತ್ತಾರೆ. ನಮಗೆ ಉಳಿಯುವುದು ಒಂದು ಮಧ್ಯಾಹ್ನ.

ನಮೂನೆ ಯಾವಾಗಲೂ ಒಂದೇ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ಈ ತಾಲ್ಲೂಕಿನಲ್ಲಿ ಬಗರ್ ಹುಕುಂ ಅರ್ಜಿಗಳು ಬಾಕಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಎಷ್ಟು? (ಇ) ವಿಳಂಬಕ್ಕೆ ಕಾರಣವೇನು? (ಈ) ಯಾವ ಕಾಲಮಿತಿಯಲ್ಲಿ ಇತ್ಯರ್ಥಪಡಿಸಲಾಗುವುದು? (ಅ)ಗೆ "ಬಂದಿದೆ" ಅಂತ ಒಂದೇ ಪದ ಸಾಕು. ತಲೆನೋವು ಇರುವುದು (ಆ)ದಲ್ಲಿ. ನಮ್ಮಲ್ಲಿ ನಮೂನೆ 50, 53, 57 ಅಂತ ಮೂರು ಕಾಲದ ಅರ್ಜಿಗಳಿವೆ. ಒಂದೇ ಕುಟುಂಬ, ಒಂದೇ ಸರ್ವೆ ನಂಬರಿಗೆ 53ರಲ್ಲೂ ಹಾಕಿರುತ್ತದೆ, 57ರಲ್ಲೂ ಹಾಕಿರುತ್ತದೆ. ಅದನ್ನು ಒಂದು ಅಂತ ಲೆಕ್ಕ ಹಾಕಬೇಕೋ ಎರಡು ಅಂತಲೋ?

ನನಗೆ ಕೆಲಸ ಕಲಿಸಿದ ಶಿರಸ್ತೇದಾರರು ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿಯುತ್ತಿದ್ದರು. ಯಾವ ಸಂಖ್ಯೆಯೂ ತಾರೀಖಿಲ್ಲದೆ ಕಚೇರಿ ಬಿಟ್ಟು ಹೋಗಬಾರದು. "ಇಂಥ ದಿನಾಂಕದ ಅಂತ್ಯಕ್ಕೆ" ಅಂತ ಇರಲೇಬೇಕು. ಎರಡು ಅರ್ಜಿ ಹಾಕಿದವರನ್ನು ಹೇಗೆ ಎಣಿಸಿದ್ದೇವೆ ಅಂತ ಕೆಳಗೆ ಒಂದು ಸಾಲು ಬರೆಯಬೇಕು. ಮೊದಮೊದಲು ಇದು ಮುದುಕರ ಗೀಳು ಅನ್ನಿಸುತ್ತಿತ್ತು. ಆಮೇಲೆ ಒಂದು ಅಧಿವೇಶನದಲ್ಲಿ ವಿಧಾನಸಭೆಯಿಂದಲೂ ವಿಧಾನ ಪರಿಷತ್ತಿನಿಂದಲೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬಂತು. ನಮ್ಮದು ಎರಡು ಸದನ ಇರುವ ರಾಜ್ಯ. ದೇಶದಲ್ಲಿ ಈಗ ಅಂಥವು ಆರೇ. ಪರಿಷತ್ತಿನ 75 ಜನರಲ್ಲಿ ಸ್ಥಳೀಯ ಸಂಸ್ಥೆಗಳಿಂದ ಬಂದವರೇ 25. ಗ್ರಾಮ ಪಂಚಾಯಿತಿ ಸದಸ್ಯರ ಓಟಿನಿಂದ ಬಂದವರಿಗೆ ಬಗರ್ ಹುಕುಂ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ಪ್ರಶ್ನೆಗಳ ನಡುವೆ ಅರ್ಜಿ ತೀರ್ಮಾನಿಸುವ ಬಗರ್ ಹುಕುಂ ಸಮಿತಿಯ ಸಭೆಯೊಂದು ನಡೆದಿತ್ತು, ಹಾಗಾಗಿ ಎರಡು ಸಂಖ್ಯೆ ಬೇರೆಬೇರೆಯಾದವು. ತಾರೀಖು ಇದ್ದದ್ದರಿಂದ ಎರಡೂ ಸರಿಯಾಗಿ ನಿಂತವು. ತಾರೀಖು ಇಲ್ಲದಿದ್ದರೆ ಮಂತ್ರಿಗಳು ಒಂದು ಸದನದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಹೇಳಿದ ಹಾಗೆ ಆಗುತ್ತಿತ್ತು.

ಚುಕ್ಕೆ ಗುರುತಿನ ಪ್ರಶ್ನೆಯೋ ಅಲ್ಲವೋ ಅನ್ನುವುದನ್ನು ನಾನು ಈಗ ಮೊದಲು ನೋಡುತ್ತೇನೆ. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ, ಅಲ್ಲಿಗೆ ಮುಗಿಯಿತು. ಚುಕ್ಕೆ ಇದ್ದರೆ ಮಂತ್ರಿಗಳು ಎದ್ದು ನಿಂತು ಉತ್ತರ ಕೊಡಬೇಕು, ಮೇಲಿಂದ ಉಪಪ್ರಶ್ನೆ ಬರುತ್ತದೆ. ಆ ಉಪಪ್ರಶ್ನೆ ಏನಿರಬಹುದು ಅಂತ ಊಹಿಸಿ ಟಿಪ್ಪಣಿ ಬರೆಯುವುದೇ ಅಸಲಿ ಕೆಲಸ. ಉತ್ತರ ಅರ್ಧ ಪುಟ ಇದ್ದರೆ ಟಿಪ್ಪಣಿ ಆರು ಪುಟ. ಯಾವ ಹೋಬಳಿಯಲ್ಲಿ ಜಾಸ್ತಿ ಬಾಕಿ, ತಿರಸ್ಕಾರ ಆಗಿದ್ದರೆ ಏಕೆ, ಅರಣ್ಯದವರ ಜೊತೆ ಜಂಟಿ ಸರ್ವೆ ಎಲ್ಲಿಗೆ ಬಂತು. ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತವರು ಮಂತ್ರಿಗಳಿಗೆ ಚೀಟಿ ಕಳಿಸುವುದನ್ನು ನೀವು ಟಿವಿಯಲ್ಲಿ ನೋಡಿರಬಹುದು. ಆ ಚೀಟಿಯ ವಿಷಯ ಹುಟ್ಟಿರುವುದು ಯಾವುದೋ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ.

(ಈ) ಇನ್ನೊಂದು ಬಲೆ. ಕಾಲಮಿತಿ ಕೇಳಿದ್ದಾರೆ ಅಂತ "ಮೂರು ತಿಂಗಳಲ್ಲಿ ಇತ್ಯರ್ಥಪಡಿಸಲಾಗುವುದು" ಅಂತ ಬರೆದರೆ, ಮಂತ್ರಿಗಳು ಅದನ್ನು ಓದಿದರೆ, ಅದು ಸದನಕ್ಕೆ ಕೊಟ್ಟ ಭರವಸೆ. ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ. ಅಧಿವೇಶನ ಮುಗಿದು ಎಲ್ಲರೂ ಮರೆತ ಮೇಲೂ ಅದು ಪತ್ರ ಬರೆಯುತ್ತಲೇ ಇರುತ್ತದೆ. ಈಡೇರಿತಾ? ಇಲ್ಲದಿದ್ದರೆ ಯಾಕೆ? ಹಾಗಂತ ಭಯಪಟ್ಟು "ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ" ಅಂತ ಎಲ್ಲದಕ್ಕೂ ಬರೆಯುವವರಿದ್ದಾರೆ. ನನಗೆ ಅದು ಕೇಳಿದವರಿಗೆ ಮಾಡುವ ಅವಮಾನ ಅನ್ನಿಸುತ್ತದೆ. ಸರ್ವೆಯರ್ ಎಷ್ಟು ಜನ ಇದ್ದಾರೆ, ತಿಂಗಳಿಗೆ ಎಷ್ಟು ಅಳತೆ ಆಗುತ್ತದೆ ಅಂತ ಬರೆದರೆ ಕಾಲಮಿತಿ ಓದುವವರಿಗೇ ಗೊತ್ತಾಗುತ್ತದೆ.

ಇಷ್ಟೆಲ್ಲ ಬರೆಯುವುದು ನಾವು, ಆದರೆ ಉತ್ತರದ ಕೆಳಗೆ ನಮ್ಮ ಹೆಸರಿರುವುದಿಲ್ಲ. ಸಹಿ ಮಂತ್ರಿಗಳದ್ದು, ಬೈಗುಳವೂ ಅವರದ್ದೇ. ಈ ವ್ಯವಸ್ಥೆಯ ತಿರುಳು ಇದೇ ಅಂತ ನನ್ನ ಅನಿಸಿಕೆ. ನೌಕರನನ್ನು ಸದನ ನೇರವಾಗಿ ಹಿಡಿಯುವುದಿಲ್ಲ, ಮಂತ್ರಿಯನ್ನು ಹಿಡಿಯುತ್ತದೆ. ಮಂತ್ರಿ ನಮ್ಮನ್ನು ಹಿಡಿಯುತ್ತಾರೆ, ಅದು ಬೇರೆ ಮಾತು. ಪರಿಷತ್ತೂ ಪ್ರಶ್ನೆ ಕೇಳಬಹುದು, ಆದರೆ ಸರ್ಕಾರವನ್ನು ಇಳಿಸುವ ಶಕ್ತಿ ವಿಧಾನಸಭೆಗೆ ಮಾತ್ರ. ದೆಹಲಿಯಲ್ಲಿ ಲೋಕಸಭೆಗೆ. ಪಕ್ಕದ ಹಾಸನದ ದೇವೇಗೌಡರು ಪ್ರಧಾನಿಯಾಗಿದ್ದಾಗ ಕಾಂಗ್ರೆಸ್ ಬೆಂಬಲ ವಾಪಸ್ ತಗೊಂಡಿತು, 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತ ಸೋತು ಸರ್ಕಾರ ಹೋಯಿತು. ಅವರು ಆಗ ರಾಜ್ಯಸಭೆ ಸದಸ್ಯರು, ಆದರೂ ಲೆಕ್ಕ ಆದದ್ದು ಲೋಕಸಭೆಯಲ್ಲಿ. ಬಹುಮತವನ್ನು ರಾಜಭವನದಲ್ಲಿ ಅಲ್ಲ, ಸದನದಲ್ಲೇ ಎಣಿಸಬೇಕು ಅಂತ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ್ದು ಕೂಡ ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ.

ಕೋರ್ಟು ಅಂದೆನಲ್ಲ, ಅದು ಇದೇ ಫೈಲಿಗೆ ಬೇರೆ ಬಾಗಿಲಿನಿಂದ ಬರುತ್ತದೆ. ಅರ್ಜಿ ತಿರಸ್ಕಾರವಾದವರು ಹೈಕೋರ್ಟಿಗೆ ರಿಟ್ ಹಾಕುತ್ತಾರೆ. ಸದನಕ್ಕೆ ಎಷ್ಟು ಬಾಕಿ ಅಂತ ಬೇಕು. ಕೋರ್ಟಿಗೆ ಈ ಒಬ್ಬ ಮನುಷ್ಯನ ಅರ್ಜಿ ಯಾಕೆ ತಿರಸ್ಕರಿಸಿದಿರಿ, ಅವನ ಮಾತು ಕೇಳಿದಿರಾ ಅಂತ ಬೇಕು. ಆದೇಶದಲ್ಲಿ ಕಾರಣ ಇಲ್ಲದಿದ್ದರೆ ರದ್ದು ಮಾಡಿ, ಹೊಸದಾಗಿ ಪರಿಶೀಲಿಸಿ ಅಂತ ನಮಗೇ ವಾಪಸ್ ಕಳಿಸುತ್ತದೆ. ಸಾಮಾನ್ಯವಾಗಿ ಕೋರ್ಟೇ ಕೂತು ಜಮೀನು ಮಂಜೂರು ಮಾಡುವುದಿಲ್ಲ, ಅದು ಕಾರ್ಯಾಂಗದ ಕೆಲಸ. ಸದನದಲ್ಲಿ ಮಂತ್ರಿಗಳು ಕೊಟ್ಟ ಉತ್ತರದ ಪ್ರತಿಯನ್ನೇ ವಕೀಲರು ರಿಟ್ ಅರ್ಜಿಗೆ ಲಗತ್ತಿಸಿದ್ದನ್ನು ನಾನು ನೋಡಿದ್ದೇನೆ. ಅಲ್ಲಿ ಒಂದು ಕಾರಣ, ಇಲ್ಲಿ ಒಂದು ಕಾರಣ ಬರೆದಿದ್ದರೆ ಸರ್ಕಾರಿ ವಕೀಲರು ಏನು ತಾನೆ ವಾದ ಮಾಡುತ್ತಾರೆ?

ಇನ್ನು ಬಗರ್ ಹುಕುಂ ಸಮಿತಿಯ ಅಧ್ಯಕ್ಷರು ಯಾರು ಗೊತ್ತಲ್ಲ? ಕ್ಷೇತ್ರದ ಶಾಸಕರೇ. ತಹಸೀಲ್ದಾರ್ ಕಾರ್ಯದರ್ಶಿ. ಅಂದರೆ ಬಾಕಿ ಯಾಕೆ ಅಂತ ಸದನದಲ್ಲಿ ಕೇಳುವವರು, ಬಾಕಿ ತೀರಿಸುವ ಸಭೆ ಕರೆಯಬೇಕಾದವರು ಒಬ್ಬರೇ ಆಗಿಬಿಡಬಹುದು. ಇದು ಸರಿಯಲ್ಲ ಅಂತ ನನಗನ್ನಿಸುತ್ತದೆ. ಊರಿನ ಜಾಗ ಬಲ್ಲವರು ಸಮಿತಿಯಲ್ಲಿ ಇರಬೇಕು, ಒಪ್ಪಿದೆ. ಆದರೆ ಕೇಳುವ ಕುರ್ಚಿ, ಮಾಡುವ ಕುರ್ಚಿ ಬೇರೆ ಇದ್ದರೆ ಒಳ್ಳೆಯದು.

ಹೊಸಬರು ಶಾಖೆಗೆ ಬಂದಾಗ ನಾನು ಹೇಳುವ ಒಂದು ಜಿಲ್ಲೆಯ ಕಥೆ ಇದೆ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದರು. ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟಿದ್ದರು, ಎದುರಾಳಿ ವೀರೇಂದ್ರ ಪಾಟೀಲ್. ಇಷ್ಟು ಎಲ್ಲರಿಗೂ ಗೊತ್ತು. ಡಿಸೆಂಬರ್ 19ಕ್ಕೆ ಲೋಕಸಭೆ ಅವರನ್ನು ಉಚ್ಚಾಟಿಸಿ ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳಿಸಿತು, ಇದೂ ಹಿರಿಯರಿಗೆ ನೆನಪಿದೆ. ಯಾಕೆ ಅಂತ ಕೇಳಿದರೆ ಹೆಚ್ಚಿನವರು ಎಮರ್ಜೆನ್ಸಿ ಅನ್ನುತ್ತಾರೆ. ಹಕ್ಕುಬಾಧ್ಯತಾ ಸಮಿತಿಯ ಮುಂದಿದ್ದ ವಿಷಯ ಅದಕ್ಕಿಂತ ಸಣ್ಣದು, ನಮಗೆ ಹತ್ತಿರದ್ದು. ಅವರ ಮಗ ಸಂಜಯ್ ಗಾಂಧಿಯ ಮಾರುತಿ ಕಂಪನಿಯ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂದಿತ್ತು. ಅದಕ್ಕೆ ಉತ್ತರ ಕೊಡಲು ಮಾಹಿತಿ ಕಲೆಹಾಕುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಇಂದಿರಾ ಪ್ರಧಾನಿಯಾಗಿದ್ದಾಗ ಅಡ್ಡಿ, ಕಿರುಕುಳ ಆಯಿತು, ಆ ಅಧಿಕಾರಿಗಳ ಮೇಲೆ ಸುಳ್ಳು ಕೇಸ್ ಹಾಕಿಸಲಾಯಿತು ಅನ್ನುವುದು ಆರೋಪ. ಸಮಿತಿ ಅದನ್ನು ಸದನದ ಹಕ್ಕುಚ್ಯುತಿ ಅಂದಿತು. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು, ಅದನ್ನೂ ಹೇಳಬೇಕು. ರಾಜಕೀಯ ಏನೇ ಇರಲಿ, ಉತ್ತರಕ್ಕೆ ಅಂಕಿಅಂಶ ಹುಡುಕುವ ನೌಕರನಿಗೆ ಅಡ್ಡ ಬಂದರೆ ಅದು ಸದನಕ್ಕೇ ಅಡ್ಡ ಬಂದ ಹಾಗೆ ಅನ್ನುವ ವಾದದ ಮೇಲೆ ಒಬ್ಬ ಮಾಜಿ ಪ್ರಧಾನಿಯ ಸದಸ್ಯತ್ವ ಹೋಗಿತ್ತು.

ಈ ಕಥೆ ಕೇಳಿದ ಮೇಲೆ ಹುಡುಗರು "ಎಲ್‌ಎಕ್ಯೂ ಬಂತು" ಅಂತ ಗೊಣಗುವುದು ಸ್ವಲ್ಪ ಕಡಿಮೆ ಮಾಡುತ್ತಾರೆ. ಪೂರ್ತಿ ನಿಲ್ಲಿಸುವುದಿಲ್ಲ.

ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರುವಂತಿಲ್ಲ ಅಂತ ಸಂವಿಧಾನವೇ ಹೇಳಿದೆ. ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ, ಸದನ ಕೂರಲೇಬೇಕು. ಹಾಗಾಗಿ ನಮ್ಮ ಶಾಖೆಯಲ್ಲಿ ಪ್ರತಿ ತಿಂಗಳ ಕೊನೆಯ ದಿನ ಹೋಬಳಿವಾರು ಬಾಕಿ ಪಟ್ಟಿ ಮುಚ್ಚಿ, ತಾರೀಖು ಹಾಕಿ, ತಹಸೀಲ್ದಾರರ ಸಹಿ ತಗೊಂಡು ಇಡುತ್ತೇವೆ. ಹಿಂದೆ ಕೊಟ್ಟ ಉತ್ತರಗಳೆಲ್ಲ ಒಂದು ಫೋಲ್ಡರಿನಲ್ಲಿ, ರಿಟ್ ಅರ್ಜಿಗಳಿಗೆ ಕೊಟ್ಟ ಕಂಡಿಕೆವಾರು ಷರಾ (ಅರ್ಜಿಯ ಒಂದೊಂದು ಪ್ಯಾರಾಕ್ಕೂ ನಮ್ಮ ಉತ್ತರ) ಅದರ ಪಕ್ಕದಲ್ಲೇ. ಮಹಾಲೇಖಪಾಲರ ಆಡಿಟ್‌ನವರು ಬಂದರೂ ಅದೇ ಫೋಲ್ಡರ್ ತೆಗೆದುಕೊಡುವುದು.