ಟಾಟಾಮೊಬೈಲ್ 206ಕ್ಕೆ ಇಂಜಿನ್ ಸಿಕ್ಕಿತು, 140 ಕುದುರೆಯದ್ದಲ್ಲ

ಹೋದ ಸಲ ಬರೆದಾಗ ಗಾಡಿ ಖಂಬಾಟ್ಕಿ ಘಾಟಿನಲ್ಲಿ ಉಸಿರು ಬಿಡುತ್ತಿತ್ತು. ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆವು, ಹಿಂದೆ ಅಮ್ಮನ ಹಳೇ ಬೀರು, ನಾಲ್ಕು ಚೀಲ ಸಾಮಾನು, ಎರಡನೇ ಗೇರಲ್ಲಿ ತೆವಳುತ್ತಾ ಹತ್ತುತ್ತಿದ್ದಾಗ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಹಾರ್ನ್ ಹೊಡೆದು ಮುಂದೆ ಹೋಯಿತು. ಅವತ್ತೇ ನಿರ್ಧಾರ ಮಾಡಿದ್ದೆ. ಇಂಜಿನ್ ಬದಲಿಸಲೇಬೇಕು.

ಹೊಸಬರಿಗೆ ಎರಡು ಮಾತು. ಇದು 1991ರ ಟಾಟಾಮೊಬೈಲ್ 206 ಪಿಕಪ್. ಮಾಡೆಲ್ ಬಂದಿದ್ದು 1988ರಲ್ಲಿ, ಆಮೇಲೆ ಟಾಟಾದ ಸಿಯೆರಾ ಕಾರು ಹುಟ್ಟಿದ್ದು ಇದರ ತಳಹದಿಯ ಮೇಲೇ. ಅಪ್ಪ ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದಾಗ ತಗೊಂಡಿದ್ದು. ಈಗಲೂ ಮಳೆಗಾಲದಲ್ಲಿ ಹಿಂದಿನ ತಗಡು ಒದ್ದೆಯಾದರೆ ಖಾರದ ಘಾಟು ಬಂದು ಸೀನು ಬರುತ್ತದೆ. ಮಾರುವ ಮಾತೇ ಇಲ್ಲ.

ಹಳೇ ಇಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತುತ್ತೆ ಅಂತ, ನೋಡಿದೆವು. ಮೂರು ಸಿಲಿಂಡರ್ 340 ಪಿಎಸ್ಐ ಹತ್ತಿರ, ಒಂದು ಬರೀ 230. ಆಯಿಲ್ ಮುಚ್ಚಳ ತೆಗೆದರೆ ಸ್ಟವ್ ಆರಿಸಿದ ಹಾಗೆ ಹೊಗೆ. ಬೋರ್ ಮಾಡಿಸಿ, ಪಿಸ್ಟನ್ ಹಾಕಿ, ಹೆಡ್ ಕೆಲಸ ಮಾಡಿಸಿದರೆ 70 ಸಾವಿರ ಅಂದರು. ಅಷ್ಟು ಸುರಿದ ಮೇಲೂ ಕೈಗೆ ಬರೋದು ಅದೇ 65ರ ಆಸುಪಾಸಿನ ಕುದುರೆ ಶಕ್ತಿ. ನನ್ನ ಹತ್ತಿರ ಇದ್ದಿದ್ದು ಒಟ್ಟು 1,20,000. ಇದರಲ್ಲೇ ಇಂಜಿನ್, ಜೋಡಣೆ, ಕಾಗದಪತ್ರ ಎಲ್ಲಾ.

ಆಫೀಸಿನ ಗೆಳೆಯರದ್ದು ಒಂದೇ ಹಟ: ಸಫಾರಿಯ 2.2 ಡೈಕೋರ್ ಹಾಕು, 140 ಪಿಎಸ್, 320 ನ್ಯೂಟನ್ ಮೀಟರ್ ಟಾರ್ಕ್, ಘಾಟಿಯಲ್ಲಿ ಹಾರುತ್ತೆ. ಇನ್ನೊಬ್ಬ ಸ್ಕಾರ್ಪಿಯೋದ ಎಂಹಾಕ್ ಅಂದ, 120 ಪಿಎಸ್. ಮತ್ತೊಬ್ಬನದ್ದು ಇನೋವಾದ 2.5. ಒಂದು ತಿಂಗಳು ನಾನೂ ಹಾಗೇ ಕನಸು ಕಂಡೆ, ಸುಳ್ಳು ಹೇಳಲ್ಲ. ಆದರೆ ಇವೆಲ್ಲ ಕಾಮನ್ ರೈಲ್ ಇಂಜಿನ್‌ಗಳು, ಅಂದರೆ ಡೀಸೆಲ್ ಚಿಮ್ಮಿಸೋದು ಕಂಪ್ಯೂಟರ್ ಹೇಳಿದ ಹಾಗೆ. ಬರೀ ಇಂಜಿನ್ ತಂದರೆ ಅದು ಕಬ್ಬಿಣದ ಗುಂಡು, ಅಷ್ಟೇ. ಇಸಿಯು (ಆ ಕಂಪ್ಯೂಟರ್) ಬೇಕು, ಪೂರ್ತಿ ವೈರಿಂಗ್ ಬೇಕು, ಅದೇ ಗಾಡಿಯ ಎಲೆಕ್ಟ್ರಾನಿಕ್ ಆಕ್ಸಿಲರೇಟರ್ ಪೆಡಲ್ ಬೇಕು, ಕಳ್ಳತನ ತಡೆಯುವ ಇಮೊಬಿಲೈಸರ್ ಇದ್ದರೆ ಅದರ ಕೀಲಿಯೂ ಬೇಕು, ಇಷ್ಟೆಲ್ಲ ಆದ ಮೇಲೆ ಗೇರ್‌ಬಾಕ್ಸ್ ಬೇರೆ, ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು, ಮೌಂಟಿಂಗ್ ಹೊಸದಾಗಿ ವೆಲ್ಡ್ ಮಾಡಬೇಕು. ಲೆಕ್ಕ ಎರಡೂವರೆ ಲಕ್ಷ ದಾಟಿತು. ಬ್ರೇಕಿನ ಲೆಕ್ಕ ಇನ್ನೂ ಹಾಕಿರಲೇ ಇಲ್ಲ.

ಭೋಸರಿಯ ನಮ್ಮ ಮಿಸ್ತ್ರಿ ಇಂಡಿ ತಾಲೂಕಿನವರು. ಪಟ್ಟಿ ನೋಡಿ ನಕ್ಕುಬಿಟ್ಟರು. "ಸಾಹೇಬ್ರ, ಎತ್ತಿನ ಗಾಡಿಗೆ ವಿಮಾನದ ಗಾಲಿ ಹಾಕಾಕ ಹೊಂಟೀರಲ್ರಿ. ಇದರ ಅಣ್ಣನ್ನ ತಂದು ಕುಂದರಸ್ರಿ ಸಾಕು."

ಅಣ್ಣ ಅಂದರೆ 483 ಡಿಎಲ್‌ಟಿಸಿ. ಮೊದಲ ಸಫಾರಿಯಲ್ಲಿ, ಅಂದರೆ 1998ರದ್ದರಲ್ಲಿ, ಬರುತ್ತಿದ್ದ 2 ಲೀಟರ್ ಟರ್ಬೊ ಡೀಸೆಲ್ (ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ). ಟಾಟಾ ಇಂಜಿನ್ ಹೆಸರಿನಲ್ಲೇ ಗುಟ್ಟು ಇರುತ್ತೆ, ಗೊತ್ತಾ? 483 ಅಂದರೆ 4 ಸಿಲಿಂಡರ್, 83 ಮಿಮೀ ಬೋರ್ (ಸಿಲಿಂಡರಿನ ಅಗಲ). ಟಾಟಾ 407 ಲಾರಿಯ 497 ಅಂದರೆ 4 ಸಿಲಿಂಡರ್, 97 ಮಿಮೀ. ಇಂಡಿಕಾದ 475 ಕೂಡ ಹಾಗೇ. ನಮ್ಮ 483ರ ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 90 ಮಿಮೀ, ನಾಲ್ಕೂ ಸಿಲಿಂಡರಿನ ಗಾತ್ರ ಲೆಕ್ಕ ಹಾಕಿದರೆ 1948 ಸಿಸಿ. ನನ್ನ ಪಿಕಪ್‌ನಲ್ಲಿ ಇರೋದೂ ಅದೇ 1948, ಟರ್ಬೊ ಇಲ್ಲ ಅಷ್ಟೇ. ಅಣ್ಣನಿಗೆ ಟರ್ಬೊ, ಅದರ ಗಾಳಿ ತಣಿಸುವ ಇಂಟರ್‌ಕೂಲರ್ ಸೇರಿ 90ರ ಹತ್ತಿರ ಶಕ್ತಿ. ಅದೇ ಅಳತೆಯ ಬ್ಲಾಕ್, ನಾವು ಟೇಪ್ ಹಿಡಿದು ನೋಡಿದಾಗ ಗೇರ್‌ಬಾಕ್ಸ್ ಕೂರುವ ಬೆಲ್ ಹೌಸಿಂಗ್ ಬೋಲ್ಟ್‌ಗಳೂ ಕೂತವು. ಇಸಿಯು ಇಲ್ಲ. ಮೆಕಾನಿಕಲ್ ಪಂಪ್. ಡೀಸೆಲ್ ಬಿಡುವ, ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡಿಗೆ 12 ವೋಲ್ಟ್‌ನ ಒಂದು ತಂತಿ ಕೊಟ್ಟರೆ ಓಡುತ್ತೆ.

ಹಾಗಾದರೆ ಇರೋ ಇಂಜಿನ್ನಿಗೇ ಟರ್ಬೊ ಕಟ್ಟಬಾರದಾ ಅಂತ ಕೇಳಿದೆ. ಬೇಡ ಅಂದರು, ನನಗೂ ಸರಿ ಅನ್ನಿಸಿತು. ಟರ್ಬೊ ಬಂದರೆ ಪಿಸ್ಟನ್ ಮೇಲೆ ಬಿಸಿ ಜಾಸ್ತಿ, ಅದಕ್ಕೆ ಸಾಮಾನ್ಯವಾಗಿ ಪಿಸ್ಟನ್ ಬೇರೆ, ಕೆಳಗಿನಿಂದ ಎಣ್ಣೆ ಚಿಮ್ಮಿಸುವ ಜೆಟ್ ಬೇರೆ. 230 ಪಿಎಸ್ಐನ ಮುದುಕನ ಬೆನ್ನಿಗೆ ಮೂಟೆ ಹೊರಿಸಿದಂತೆ ಆಗುತ್ತೆ.

497 ಬಗ್ಗೆ ಆಸೆ ಇತ್ತು. 2956 ಸಿಸಿ, ಸಿಕ್ಕಾಪಟ್ಟೆ ಎಳೆತ, 407 ಗುಜರಿಯಲ್ಲಿ ಅಗ್ಗಕ್ಕೂ ಸಿಗುತ್ತೆ. ಆದರೆ ಭಾರ. ಮುಂದಿನ ಸಸ್ಪೆನ್ಷನ್ ಬಗ್ಗಿಸಿ ಸ್ಟೀರಿಂಗ್ ಕಲ್ಲಾಗುತ್ತೆ. ಕೈಬಿಟ್ಟೆ.

ಇನ್ನೊಂದು ಕಾರಣ ಆರ್‌ಟಿಓ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯಲ್ಲಿ ಮನಸ್ಸಿಗೆ ಬಂದಂತೆ ಬದಲಾವಣೆ ಮಾಡೋ ಹಾಗಿಲ್ಲ, ಇಂಜಿನ್ ಬದಲಿಸಿದರೆ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಹೊಸ ನಂಬರ್ ಏರಬೇಕು. ಅದೇ ಕಂಪನಿ, ಅದೇ ಸಿಸಿ, ಅದೇ ಡೀಸೆಲ್ ಅಂದರೆ ಕೌಂಟರಿನಲ್ಲಿ ಮಾತಾಡೋಕೆ ಬಾಯಿ ಇರುತ್ತೆ ಅಲ್ವಾ?

ಸರಿ, ಹುಡುಕಾಟ. ಮೊದಲು ಮುಂಬೈಗೆ ಹೋದೆ, ಕುರ್ಲಾದ ಸಿಎಸ್‌ಟಿ ರಸ್ತೆ ಪಕ್ಕದ ಬಿಡಿಭಾಗದ ಗಲ್ಲಿಗಳಿಗೆ. ಅಲ್ಲಿ ಒಬ್ಬರು "ಕಡಕ್ ಇಂಜಿನ್, ಬರೀ 60 ಸಾವಿರ ಕಿಲೋಮೀಟರ್" ಅಂತ 38 ಸಾವಿರಕ್ಕೆ ತೋರಿಸಿದರು. ಹೊರಗಡೆ ಬೆಳ್ಳಿ ಬಣ್ಣ ಫಳಫಳ. ಟರ್ಬೊ ಬಾಯಿಗೆ ಬೆರಳು ಹಾಕಿ ಶಾಫ್ಟ್ ಅಲ್ಲಾಡಿಸಿದರೆ ಸಡಿಲ ಹಲ್ಲಿನ ಹಾಗೆ ಆಡುತ್ತಿತ್ತು, ರೆಕ್ಕೆಯ ತುದಿ ಗೋಡೆಗೆ ಉಜ್ಜಿದ ಗೀರು ಬೇರೆ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಲೋಳೆ. ನೀರು ಎಣ್ಣೆ ಸೇರಿದೆ ಅಂತ ಅರ್ಥ. ಇದು ಹೇಗೆ ಅಂತ ಕೇಳಿದರೆ "ಮಳೆ ಸಾಹೇಬ್" ಅಂದರು. ಏಪ್ರಿಲ್ ತಿಂಗಳು! ಅಲ್ಲೇ ಒಂದು ವಡಾಪಾವ್ ತಿಂದು ವಾಪಸ್ ಬಂದೆ.

ಮೂರು ವಾರ ಆದ ಮೇಲೆ ಚಾಕಣ್ ಹತ್ತಿರ, ಹಿಂದಿನಿಂದ ಲಾರಿ ಗುದ್ದಿದ ಸಫಾರಿ ಸಿಕ್ಕಿತು. ಮುಂಭಾಗ ಪೂರ್ತಿ ಸರಿಯಾಗಿತ್ತು. ಮುಖ್ಯ ಏನಂದರೆ ಇಂಜಿನ್ ಇನ್ನೂ ಗಾಡಿಯಲ್ಲೇ ಕೂತಿತ್ತು, ಸ್ಟಾರ್ಟ್ ಮಾಡಿ ನೋಡಬಹುದಿತ್ತು. ಇಂಜಿನ್ ತಣ್ಣಗಿದೆ ಅಂತ ಮಿಸ್ತ್ರಿ ಬಾನೆಟ್ ಮೇಲೆ ಕೈಯಿಟ್ಟು ಖಾತ್ರಿ ಮಾಡಿಕೊಂಡರು, ಯಾಕಂದರೆ ಮೊದಲೇ ಬಿಸಿ ಮಾಡಿಟ್ಟು ಮಾರೋರು ಬಹಳ. ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್‌ನ ದೀಪ ಆರಿತು, ಎರಡು ಸುತ್ತು, ಹಿಡಿಯಿತು. ಸ್ವಲ್ಪ ಬಿಳಿ ಹೊಗೆ, ಅರ್ಧ ನಿಮಿಷದಲ್ಲಿ ಹೋಯಿತು. ಕಂಪ್ರೆಷನ್ 390, 385, 395, 380. ಆ ಕೊನೆಯ ಅಂಕಿ ಓದುವಾಗ ನನ್ನ ಕೈ ನಡುಗುತ್ತಿತ್ತು. ಟರ್ಬೊ, ಇಂಟರ್‌ಕೂಲರ್, ರೇಡಿಯೇಟರ್, ಸೈಲೆನ್ಸರಿನ ಮುಂದಿನ ಪೈಪ್ ಸೇರಿ 52 ಸಾವಿರ. ಬಿಲ್ಲು, ಗಾಡಿಯ ಕಾಗದದ ನಕಲು ಕೈಗೆ ಬಂದ ಮೇಲೇ ದುಡ್ಡು ಕೊಟ್ಟೆ.

ಆಲ್ಟರ್ನೇಟರನ್ನೂ ಬಿಡದೆ ತಂದೆ. ಡೀಸೆಲ್ ಇಂಜಿನ್ನಿನಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ತಾನಾಗಿ ಸಿಗಲ್ಲ, ಆಲ್ಟರ್ನೇಟರ್ ಬೆನ್ನಿಗೆ ಕೂತ ಪುಟ್ಟ ಪಂಪೇ ಅದನ್ನು ಕೊಡೋದು. ಅದು ಮರೆತರೆ ಘಾಟಿ ಹತ್ತಬಹುದು, ಇಳಿಯೋದು ಕಷ್ಟ.

ಉಳಿದಿದ್ದು 68 ಸಾವಿರ. ಅದರಲ್ಲಿ ಹೊಸ ಕ್ಲಚ್ ಪ್ಲೇಟ್, ಹೋಸ್‌ಗಳು, ಮೌಂಟಿಂಗ್ ರಬ್ಬರ್, ಪಂಪ್ ಕ್ಯಾಲಿಬ್ರೇಷನ್, ಮಿಸ್ತ್ರಿ ಮಜೂರಿ. ಬ್ರೇಕಿಗೆ ಅಂತ 15 ಸಾವಿರ ಬೇರೆ ಎತ್ತಿಟ್ಟಿದ್ದೇನೆ, ಮುಟ್ಟಲ್ಲ.

ಒಂದು ತೊಡಕು ಈಗಲೇ ಕಾಣುತ್ತಿದೆ. ಸಫಾರಿಯ ಇಂಟರ್‌ಕೂಲರ್ ನಮ್ಮ ಗ್ರಿಲ್ ಹಿಂದೆ ಹಿಡಿಸುತ್ತಿಲ್ಲ, ಎರಡು ಬೆರಳಿನಷ್ಟು ಅಗಲ ಜಾಸ್ತಿ. ಬ್ಯಾಟರಿ ಟ್ರೇ ಸರಿಸಬೇಕು ಅಂತ ಮಿಸ್ತ್ರಿ, ಗ್ರಿಲ್ ಹಿಂದಿನ ಪಟ್ಟಿ ಕತ್ತರಿಸೋಣ ಅಂತ ನಾನು. ಇನ್ನೂ ಜಗಳ ಮುಗಿದಿಲ್ಲ. ಅಷ್ಟರಲ್ಲಿ ಇಂಜಿನ್ ನಮ್ಮ ಸೊಸೈಟಿ ಪಾರ್ಕಿಂಗಿನಲ್ಲಿ ಹಳೇ ಟೈರಿನ ಮೇಲೆ ಕೂತಿದೆ, ಮೇಲೆ ಅಮ್ಮನ ಹಳೇ ಚಾದರ. ಭಾನುವಾರ ಭಾರ ಎತ್ತುವ ಚೈನ್ ಬ್ಲಾಕ್ ಬರುತ್ತೆ, ಮುದುಕನನ್ನು ಇಳಿಸುತ್ತೇವೆ.