ಮೂರನೇ ಕರಡು, ಒಂಬತ್ತನೇ ಅಧ್ಯಾಯದವರೆಗೆ

ಮಲ್ಪೆ ಬಂದರಿನ ಕಾದಂಬರಿಯ ಮೂರನೇ ಕರಡು ಹದಿನಾಲ್ಕರಲ್ಲಿ ಒಂಬತ್ತನೇ ಅಧ್ಯಾಯ ದಾಟಿದೆ. ಈ ತಿಂಗಳು ಹೊಸದಾಗಿ ಬರೆದದ್ದು ಎಂಟೇ ಪುಟ. ಉಳಿದ ಹೊತ್ತೆಲ್ಲ ಮಾತುಕತೆಯ ರಿಪೇರಿಗೆ ಹೋಯಿತು.

ಎರಡನೇ ಕರಡಿನಲ್ಲಿ ಪಾತ್ರಗಳು ತುಳುವಿನಲ್ಲಿ ಮಾತಾಡಿದಲ್ಲೆಲ್ಲ ಆವರಣದೊಳಗೆ ಕನ್ನಡ ಅರ್ಥ ಇತ್ತು. ಜಗಳದ ನಡುವೆ ಮೂರನೆಯವರೊಬ್ಬರು ನಿಂತು ಅನುವಾದ ಮಾಡಿದ ಹಾಗೆ ಕೇಳಿಸುತ್ತಿತ್ತು. ಆವರಣ ಎಲ್ಲ ಕಿತ್ತಾಯಿತು. ಈಗ ಪುಟಕ್ಕೆ ಹೆಚ್ಚೆಂದರೆ ಮೂರು ತುಳು ಸಾಲು, ಮತ್ತು ಅದರ ಅರ್ಥ ಎದುರಿನವರ ಉತ್ತರದಲ್ಲೋ ಕೈಕೆಲಸದಲ್ಲೋ ಸಿಗಲೇಬೇಕು. 'ಬೊಡ್ಚಿ' ಅಂದವಳು ಬಟ್ಟಲು ದೂಡಿದರೆ ಬೀದರಿನವರಿಗೂ ಅದು 'ಬೇಡ' ಎಂದು ತಿಳಿಯುತ್ತದೆ.

ಗೊತ್ತಿಲ್ಲದ ಶಬ್ದಕ್ಕಿಂತ ಗೊತ್ತಿದೆ ಅನ್ನಿಸುವ ಶಬ್ದವೇ ಹೆಚ್ಚು ಕಾಟ ಕೊಡುತ್ತದೆ. ತುಳುವಿನಲ್ಲಿ 'ಅಪ್ಪೆ' ತಾಯಿ, 'ಅಮ್ಮೆ' ತಂದೆ. ಇದನ್ನು ಮೊದಲ ಅಧ್ಯಾಯದಲ್ಲೇ ಕೂರಿಸದಿದ್ದರೆ ಮುಂದೆ ಸಾವಿನ ಮನೆಯ ದೃಶ್ಯದಲ್ಲಿ ಓದುಗರು ತಪ್ಪು ವ್ಯಕ್ತಿಗಾಗಿ ಅಳುತ್ತಾರೆ. 'ಬಲೆ' ಅಂದರೆ 'ಬನ್ನಿ'. ಮೀನುಗಾರರ ಕಥೆಯಲ್ಲಿ 'ಒಳಗೆ ಬನ್ನಿ' ಅನ್ನಲು 'ಉಳಾಯಿ ಬಲೆ' ಎಂದು ಬರೆದರೆ ಹೊರಗಿನವರು ಒಳಗೊಂದು ಬಲೆ ಇದೆ ಎಂದೇ ಓದುತ್ತಾರೆ. ಅದಕ್ಕೆ ಆ ಮಾತಿನ ಹಿಂದೆಯೇ ಚಾಪೆ ಹಾಸುವುದನ್ನು ಸೇರಿಸಿದೆ.

'ಬತ್ತೆ' ಎಂಬುದರಲ್ಲಿ ತೊಡಕು ಲಿಪಿಯದ್ದು. 'ನಾನು ಬಂದೆ', 'ಅವನು ಬಂದ' ಎರಡಕ್ಕೂ ತುಳುವಿನಲ್ಲಿ ಇದೇ ರೂಪ; ಕೊನೆಯ ಎಕಾರ ಮಾತ್ರ ಬೇರೆ, ಮೊದಲನೆಯದರಲ್ಲಿ ಬಾಯಿ ಹೆಚ್ಚು ತೆರೆಯುತ್ತದೆ. ಕನ್ನಡದ ಎತ್ವ ಎರಡನ್ನೂ ಒಂದೇ ಮಾಡಿಬಿಡುತ್ತದೆ. ಹಾಗಾಗಿ 'ನಾನು', 'ಅವನು' ಅನ್ನುವ, ಆಡುವಾಗ ಬಿಟ್ಟುಹೋಗುವ 'ಯಾನ್', 'ಆಯೆ'ಗಳನ್ನು ಬರೆಯುವಾಗ ಉಳಿಸಿಕೊಳ್ಳಬೇಕು. ಸಾಲು ಸ್ವಲ್ಪ ಭಾರವಾಗುತ್ತದೆ, ಆದರೂ ಬೇರೆ ದಾರಿ ಇಲ್ಲ. ಊರಿಂದೂರಿಗೆ ಬದಲಾಗುವ ರೂಪಗಳಿಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟೇ ಆಧಾರ. 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಬಂದದ್ದು. ಒಂದು ಶಬ್ದ ಹುಡುಕಲು ಹೋಗಿ ಅರ್ಧ ಗಂಟೆ ಓದುತ್ತಾ ಕೂರುವಂಥ ಪುಸ್ತಕ. ಆ ಅರ್ಧ ಗಂಟೆಯನ್ನೂ ಬರವಣಿಗೆಯ ಲೆಕ್ಕಕ್ಕೇ ಹಾಕಬೇಕು.

ಕುಂದಾಪುರದ ಪಕ್ಕದ ಗಂಗೊಳ್ಳಿಯಿಂದ ಬಂದ ತಂಡೇಲನಿಗೆ, ಅಂದರೆ ಬೋಟು ನಡೆಸುವವನಿಗೆ, ಕುಂದಾಪ್ರ ಕನ್ನಡ. ಅವನಿಗೆ ಕರೆಯಲು 'ಹ್ವಾಯ್' ಒಂದು, 'ನೋಡಿ' ಅನ್ನಲು 'ಕಾಣಿ' ಒಂದು ಸಾಕು. ಮಲ್ಪೆಯವರು ಬೂತಾಯಿ ಅನ್ನುವ ಮೀನನ್ನು ಅವನು ಬೈಗೆ ಅನ್ನುತ್ತಾನೆ, ಅಷ್ಟರಲ್ಲೇ ಊರು ಗೊತ್ತಾಗುತ್ತದೆ.

ಆರನೇ ಅಧ್ಯಾಯ ಪೂರ್ತಿ ಬಿಚ್ಚಿ ಹೊಲಿಯಬೇಕಾಯಿತು. ಜುಲೈ ಮೂರನೇ ವಾರದಲ್ಲಿ ಟ್ರಾಲ್ ಬೋಟು ಮೀನು ಇಳಿಸುತ್ತಿತ್ತು, ಅದೇ ರಾತ್ರಿ ಯಕ್ಷಗಾನ ಮೇಳದ ಚೆಂಡೆ ಕೇಳುತ್ತಿತ್ತು. ಎರಡೂ ತಪ್ಪು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 10 ಎಚ್‌ಪಿ ಒಳಗಿನ ಎಂಜಿನ್‌ನ ನಾಡದೋಣಿ ಮಾತ್ರ ಹೋಗಬಹುದು. ತಿರುಗಾಟದ ಮೇಳಗಳು ತುಳು ಪಂಚಾಂಗದ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ, ಗೆಜ್ಜೆ ಬಿಚ್ಚಿ ಆಟ ನಿಲ್ಲಿಸುತ್ತವೆ. ಈಗ ಅಲ್ಲಿ ನಾಡದೋಣಿ ಇದೆ, ಚೆಂಡೆಯ ಬದಲು ಹಗಲು ಹೊತ್ತಿಗೆ, ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ವೇಷ ಆಟಿ ಕಳೆಂಜನ ತೆಂಬರೆ ವಾದ್ಯ ಇದೆ. ಇದರಿಂದ ಕಥೆಗೇ ಲಾಭವಾಯಿತು: ಅಣ್ಣತಮ್ಮಂದಿರ ಜಗಳಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ, ದುಡಿಮೆಯಿಲ್ಲದ ಎರಡು ತಿಂಗಳೇ ಸಾಕು.

ಹೆಸರಿನ ಕೆಲಸವೂ ಮುಗಿಯಿತು. ಶೀನ, ಶೇಖರ ಇಬ್ಬರೂ 'ಶ'ದಿಂದ ಶುರುವಾಗಿ ಗೊಂದಲವಾಗುತ್ತಿತ್ತು. ಶೀನ ಈಗ ಬಾಬು. ಇದನ್ನು ಒಮ್ಮೆಲೇ 'ಎಲ್ಲವನ್ನೂ ಬದಲಿಸು' ಒತ್ತಿ ಮಾಡಬಾರದು. 'ಶೀನನಿಗೆ' ಇದ್ದದ್ದು 'ಬಾಬುನಿಗೆ' ಆಗುತ್ತದೆ, ಬೇಕಾದದ್ದು 'ಬಾಬುವಿಗೆ'. 'ಮಶೀನ್' ಒಳಗೂ ಶೀನ ಇದ್ದಾನೆ, ಬೋಟಿನ ಕಥೆಯಲ್ಲಿ ಆ ಶಬ್ದ ಹೆಜ್ಜೆಗೊಮ್ಮೆ ಬರುತ್ತದೆ. ಮೊದಲು ವಿಭಕ್ತಿ ಹತ್ತಿದ ರೂಪಗಳನ್ನು ಒಂದೊಂದಾಗಿ ಬದಲಿಸಿ, ಬರೀ 'ಶೀನ'ನನ್ನು ಕೊನೆಗೆ ಕಣ್ಣಿಟ್ಟು ನೋಡುತ್ತಾ ತಿದ್ದುವುದೇ ಸರಿ.

ಹತ್ತನೆಯದು ಆಗಸ್ಟ್ ಮೊದಲ ವಾರ. ಬೋಟುಗಳು ಐಸ್ ತುಂಬಿಸಿಕೊಂಡು ಸಾಲಾಗಿ ನಿಂತಿವೆ. ಬಾಬು ಹತ್ತುತ್ತಾನೋ ಇಲ್ಲವೋ ಎಂಬುದರ ಎರಡು ರೂಪ ಬರೆದು ಸಿದ್ಧವಿದೆ. ಎರಡನ್ನೂ ಗಟ್ಟಿಯಾಗಿ ಓದಿ ನೋಡಿದ ಮೇಲೆ ಒಂದು ಉಳಿಯುತ್ತದೆ.